ಹಾಡುಗಾರನ ಬೆನ್ನು ಹಿಡಿದು ಚೀನೀ ಧಾರಾವಾಹಿ: ಮಕ್ಕಳು ನೋಡುತ್ತಿರುವುದೇನು, ನಾವು ಕಲಿಯಬಹುದಾದದ್ದೇನು



ಸಭೆಯ ವರದಿ, ಚಂದಾ ಬಾಕಿಯ ಜ್ಞಾಪನೆ ಇವುಗಳನ್ನು ಬದಿಗಿಟ್ಟು ಈ ಸಲ ಬೇರೊಂದು ವಿಷಯ ಬರೆಯುತ್ತಿದ್ದೇನೆ. ಕೆಲವು ತಿಂಗಳಿಂದ ಒಂದೇ ದೂರು ಬೇರೆ ಬೇರೆ ಬಾಯಿಗಳಿಂದ ಕೇಳಿಬರುತ್ತಿದೆ. ಮಾನಂತವಾಡಿಯಿಂದ ಬರುವವರು ಹೇಳಿದರು, ಕುಟ್ಟದವರು ಹೇಳಿದರು, ತಾಳವಾಡಿ ಕಡೆಯಿಂದ ಫೋನು ಮಾಡಿದವರೂ ಹೇಳಿದರು. "ಮಕ್ಕಳು ರಾತ್ರಿ ಹೊತ್ತು ಮೊಬೈಲಿನಲ್ಲಿ ಯಾವುದೋ ಚೀನಾ ಧಾರಾವಾಹಿ ನೋಡ್ತಾವೆ ಸಾರ್. ಕೇಳಿದರೆ ಅದರಲ್ಲಿ ನಮ್ಮ ಹಾಡುಗಾರ ಇದ್ದಾನೆ ಅಂತಾವೆ. ಹಾಡುಗಾರನಿಗೂ ಧಾರಾವಾಹಿಗೂ ಏನು ಸಂಬಂಧ? ಕನ್ನಡದ ಎರಡು ಸಾಲು ಓದು ಅಂದ್ರೆ ಮಾತ್ರ ಆಗಲ್ಲ!"

ನಮ್ಮ ಮನೆಯಲ್ಲಿಯೂ ಮೊಮ್ಮಗಳು ಇದೇ ಗುಂಪಿನವಳು. ಕಡತ ನೋಡದೆ ಟಿಪ್ಪಣಿ ಬರೆಯಬಾರದು ಎಂಬುದು ಗುಮಾಸ್ತಗಿರಿಯ ಮೊದಲ ಪಾಠ. ನಿವೃತ್ತನಿಗೆ ಸಮಯಕ್ಕೂ ಬರವಿಲ್ಲ. ಹಾಗಾಗಿ ಅವಳ ಪಕ್ಕದಲ್ಲಿ ಕೂತು, ಕಾಡಂಚಿನ ನಮ್ಮ ಬೇಗೂರಿಗೆ ನೆಟ್‌ವರ್ಕ್ ಬಂದಾಗ ಬಂದಷ್ಟು, ಆ ಧಾರಾವಾಹಿಯನ್ನು ಮೊದಲಿನಿಂದ ಕೊನೆಯವರೆಗೆ ನೋಡಿದೆ. ತಿಳಿದದ್ದನ್ನು ಕ್ರಮವಾಗಿ ಹೇಳುತ್ತೇನೆ.

ಐಡಲ್ ಎಂದರೆ ಯಾರು?

ಜಪಾನ್, ಕೊರಿಯಾ, ಚೀನಾ ದೇಶಗಳಲ್ಲಿ ಗುಂಪು ಕಟ್ಟಿಕೊಂಡು ಹಾಡಿ ಕುಣಿಯುವ ಯುವ ತಾರೆಯರಿಗೆ ಐಡಲ್ ಎನ್ನುತ್ತಾರೆ. ಆ ಇಂಗ್ಲಿಷ್ ಪದಕ್ಕೆ ವಿಗ್ರಹ ಎಂದೇ ಅರ್ಥ. ಚೀನೀ ಭಾಷೆಯಲ್ಲಿ ಅವರಿಗೆ ಬಳಸುವ ಪದಕ್ಕೂ ಮೂಲದಲ್ಲಿ ಅದೇ ಅರ್ಥವಿದೆ. ಅಲ್ಲಿ ಕಲಾವಿದ ವಿಗ್ರಹ, ಅಭಿಮಾನಿ ಭಕ್ತ. ನಮ್ಮ ಡಾ. ರಾಜಕುಮಾರ್ ಇದನ್ನು ತಿರುವುಮುರುವು ಮಾಡಿ ಅಭಿಮಾನಿಗಳನ್ನೇ ದೇವರುಗಳು ಎಂದು ಕರೆದದ್ದು ನೆನಪಿರಲಿ.

ಈ ಗುಂಪುಗಳು ತಾವಾಗಿ ಹುಟ್ಟುವುದಿಲ್ಲ. ಮನರಂಜನಾ ಕಂಪನಿಗಳು ಚಿಕ್ಕ ವಯಸ್ಸಿನ ಮಕ್ಕಳನ್ನು ಆರಿಸಿ, ವರ್ಷಗಟ್ಟಲೆ ಹಾಡು, ನೃತ್ಯ, ಮಾತುಗಾರಿಕೆ ಕಲಿಸಿ ವೇದಿಕೆಗೆ ತರುತ್ತವೆ. ಚೀನಾದಲ್ಲಿ ಬಹಳ ಹೆಸರು ಮಾಡಿದ ಟಿಎಫ್‌ಬಾಯ್ಸ್ ಗುಂಪು 2013ರ ಆಗಸ್ಟಿನಲ್ಲಿ ಹೊರಬಂದಾಗ ಅದರ ಮೂವರು ಹುಡುಗರಲ್ಲಿ ಯಾರಿಗೂ 14 ತುಂಬಿರಲಿಲ್ಲ. ಹೀಗೆ ಬೆಳೆದ ತಾರೆಯರು ಹಾಡಿನಿಂದ ಜಾಹೀರಾತಿಗೆ, ಅಲ್ಲಿಂದ ಧಾರಾವಾಹಿಗೆ ಬರುತ್ತಾರೆ. ಹಿಂದೆಯೇ ಅಭಿಮಾನಿಗಳೂ ಬರುತ್ತಾರೆ. ಧಾರಾವಾಹಿ ಮಾಡುವವರಿಗೂ ಬೇಕಾದದ್ದು ಅದೇ.

ಇದು ಕೇಳಲು ಹೊಸದೆನಿಸಿದರೂ ನಮಗೆ ಹೊಸದಲ್ಲ. ಯಕ್ಷಗಾನ ಮೇಳಕ್ಕೆ ಸೇರಿದ ಹುಡುಗ ಕೋಡಂಗಿ, ಬಾಲಗೋಪಾಲ ವೇಷಗಳಿಂದ ಶುರುಮಾಡಿ ಮೇಲೇರುತ್ತಿದ್ದ. ತಾಳವಾಡಿ ಸೀಮೆಯ ಗಾಜನೂರಿನಲ್ಲಿ 1929ರಲ್ಲಿ ಹುಟ್ಟಿದ ಮುತ್ತುರಾಜು ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಹುಡುಗನಾಗಿದ್ದಾಗಲೇ ಹಾಡು, ಮಾತು, ನಟನೆ ಎಲ್ಲವನ್ನೂ ಕಲಿತು ಮುಂದೆ ರಾಜಕುಮಾರ್ ಆದರು. ಹಾಡುಗಾರನಿಗೂ ನಟನೆಗೂ ಏನು ಸಂಬಂಧ ಎಂದು ಕೇಳುವವರಿಗೆ ನಮ್ಮ ಗಡಿಯಲ್ಲೇ ಉತ್ತರವಿದೆ.

ಇಬ್ಬರು ಹುಡುಗರು, ಒಂದು ಧಾರಾವಾಹಿ

ನಮ್ಮ ಮಕ್ಕಳ ಬಾಯಲ್ಲಿ ಹೆಚ್ಚು ಕೇಳಿಬರುವ ಧಾರಾವಾಹಿಯ ಇಂಗ್ಲಿಷ್ ಹೆಸರು ‘ದಿ ಅನ್‌ಟೇಮ್ಡ್’. ಚೀನಾದ ಟೆನ್ಸೆಂಟ್ ವಿಡಿಯೊದಲ್ಲಿ 2019ರ ಜೂನ್ 27ರಂದು ಶುರುವಾಯಿತು. ಮುಖ್ಯ ಪಾತ್ರಧಾರಿಗಳು ಶಿಯಾವೋ ಝಾನ್ ಮತ್ತು ವಾಂಗ್ ಯೀಬೋ. ಇಬ್ಬರೂ ಹಾಡುವ ಗುಂಪುಗಳಿಂದ ಬಂದವರು.

ಶಿಯಾವೋ ಝಾನ್ 1991ರಲ್ಲಿ ಛೋಂಗ್‌ಚಿಂಗ್ ನಗರದಲ್ಲಿ ಹುಟ್ಟಿದವರು. ವಿನ್ಯಾಸ ಕಲೆ ಓದಿ ಅದೇ ಕೆಲಸ ಮಾಡುತ್ತಿದ್ದವರು 2015ರಲ್ಲಿ ಟಿವಿಯ ಸ್ಪರ್ಧೆಯೊಂದಕ್ಕೆ ಹೋದರು. ಅದರಿಂದ ಹುಟ್ಟಿದ ಎಕ್ಸ್ ನೈನ್ ಎಂಬ ಗುಂಪು 2016ರಲ್ಲಿ ಹೊರಬಂತು.

ವಾಂಗ್ ಯೀಬೋ ಹುಟ್ಟಿದ್ದು 1997ರಲ್ಲಿ, ಲೊಯಾಂಗ್ ಎಂಬ ಊರಿನಲ್ಲಿ. ಈ ಊರಿನ ಹೆಸರು ಕೇಳಿ ನನ್ನ ಕಿವಿ ನೆಟ್ಟಗಾಯಿತು. ಇಮ್ಮಡಿ ಪುಲಕೇಶಿಯ ಕಾಲದಲ್ಲಿ ನಮ್ಮ ನಾಡಿಗೆ ಬಂದು ಬರೆದಿಟ್ಟುಹೋದ ಹ್ಯೂಯೆನ್ ತ್ಸಾಂಗ್ ಹುಟ್ಟಿದ್ದು ಇದೇ ಲೊಯಾಂಗ್ ಬಳಿ. ಅವರು ಬೌದ್ಧ ಗ್ರಂಥಗಳ ಮೇಲಿನ ಪ್ರೀತಿಯಿಂದ, ಗಡಿ ದಾಟಬಾರದೆಂಬ ರಾಜಾಜ್ಞೆಯನ್ನೂ ಮೀರಿ ಹೊರಟು, ನಾಲಂದದಲ್ಲಿ ಕೂತು ಓದಿದರು. ಅದೇ ಊರಿನ ಹುಡುಗ 1400 ವರ್ಷಗಳ ಮೇಲೆ ತರಬೇತಿಗೆಂದು ಕೊರಿಯಾಕ್ಕೆ ಹೋಗಿ ಅಲ್ಲಿನ ಭಾಷೆ ಕಲಿತ. ಚೀನಾ ಮತ್ತು ಕೊರಿಯಾದ ಹುಡುಗರಿದ್ದ ಯೂನಿಕ್ ಎಂಬ ಗುಂಪಿನಲ್ಲಿ 2014ರಲ್ಲಿ ಹಾಡತೊಡಗಿದ.

ಆದರೆ 2016ರಲ್ಲಿ ಅಮೆರಿಕದ ಕ್ಷಿಪಣಿ ತಡೆ ವ್ಯವಸ್ಥೆಯನ್ನು ತನ್ನ ನೆಲದಲ್ಲಿ ಇಡಲು ದಕ್ಷಿಣ ಕೊರಿಯಾ ಒಪ್ಪಿದಾಗ ಚೀನಾ ಸಿಟ್ಟಾಯಿತು. ಕೊರಿಯಾದ ಹಾಡು, ಧಾರಾವಾಹಿಗಳಿಗೆ ಚೀನಾದಲ್ಲಿ ದಾರಿ ಮುಚ್ಚಿತು. ಎರಡು ದೇಶಕ್ಕೆ ಕಾಲಿಟ್ಟಿದ್ದ ಗುಂಪಿನ ಕೆಲಸವೂ ಕುಂಠಿತವಾಯಿತು. ವಾಂಗ್ ಯೀಬೋ ಚೀನಾದ ಟಿವಿಯಲ್ಲಿ ಕಾರ್ಯಕ್ರಮ ನಿರೂಪಕನಾದ, ಧಾರಾವಾಹಿಗೆ ಬಂದ. ಅವನ ಹಾಡು ಮೆಚ್ಚಿದ್ದ ಹೊರದೇಶದ ಅಭಿಮಾನಿಗಳು, ಚೀನೀ ಭಾಷೆಯ ಒಂದಕ್ಷರ ಬಾರದವರು, ಹಿಂದೆಯೇ ಧಾರಾವಾಹಿಗೆ ಬಂದರು. ಸರ್ಕಾರಗಳ ಜಗಳದಲ್ಲಿ ಗಡಿಯ ಎರಡೂ ಕಡೆ ಸೇರಿದವರ ಬದುಕು ಹೇಗೆ ತಿರುವು ಪಡೆಯುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ನಮ್ಮ ದೇಶದಲ್ಲೂ ಹೀಗೇ ಆಯಿತು. 2020ರ ಜೂನಿನಲ್ಲಿ ಭಾರತ ಸರ್ಕಾರ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿತು. ಆ ವರ್ಷದ ನವೆಂಬರಿನ ಪಟ್ಟಿಯಲ್ಲಿ ಟೆನ್ಸೆಂಟಿನ ವೀಟಿವಿ ಕೂಡ ಸೇರಿತು. ನಿಷೇಧವಾದದ್ದು ಆ್ಯಪ್, ಧಾರಾವಾಹಿಯಲ್ಲ. ಮಕ್ಕಳು ಯೂಟ್ಯೂಬಿನಲ್ಲೋ ನೆಟ್‌ಫ್ಲಿಕ್ಸಿನಂಥ ಕಡೆಯೋ ನೋಡಿದರೆ ಕಾನೂನಿನ ಭಯ ಬೇಡ. ಬೇರೆ ದಾರಿಯಿಂದ ಆ್ಯಪ್ ಇಳಿಸಿಕೊಳ್ಳದಂತೆ ಮಾತ್ರ ನೋಡಿಕೊಳ್ಳಿ.

ಮಕ್ಕಳ ಜೊತೆ ನೋಡುವವರಿಗೆ ನಾಲ್ಕು ಮಾತು

ಒಟ್ಟು 50 ಕಂತು. ಒಂದೊಂದು ಸುಮಾರು 45 ನಿಮಿಷ. ಲೆಕ್ಕ ಹಾಕಿದರೆ ಮೂವತ್ತೇಳೂವರೆ ಗಂಟೆ. ದಿನಕ್ಕೆ ಒಂದು ಕಂತೆಂದರೂ ಒಂದೂವರೆ ತಿಂಗಳಿಗೆ ಮೇಲೆ. ಪರೀಕ್ಷೆ ಹತ್ತಿರವಿದ್ದರೆ ಈ ಲೆಕ್ಕವನ್ನು ಮಕ್ಕಳಿಂದಲೇ ಹಾಕಿಸಿ.

ಮೊದಲ ಎರಡು ಕಂತು ಯಾರಿಗೂ ಅರ್ಥವಾಗುವುದಿಲ್ಲ. ಕಥೆ ಶುರುವಾಗುವುದೇ ನಾಯಕ ಸತ್ತು 16 ವರ್ಷದ ಮೇಲೆ ತಿರುಗಿ ಬರುವುದರಿಂದ. ಆಮೇಲೆ ಸುಮಾರು 30 ಕಂತು ಹಿಂದಿನ ಕಥೆ ನಡೆಯುತ್ತದೆ. ಮಂತ್ರವಿದ್ಯೆ, ಖಡ್ಗವಿದ್ಯೆ ಕಲಿಯುವ ಮನೆತನಗಳು, ಅವುಗಳ ಹಗೆ, ನಡುವೆ ಇಬ್ಬರ ಬಾಂಧವ್ಯ, ಇಷ್ಟು ಕಥೆ. ಮೂಲ ಕಾದಂಬರಿಯಲ್ಲಿ ಆ ಇಬ್ಬರು ಗಂಡಸರದು ಪ್ರೇಮ. ಚೀನಾದ ಪ್ರಸಾರ ನಿಯಮ ಅದಕ್ಕೆ ಒಪ್ಪುವುದಿಲ್ಲವಾದ್ದರಿಂದ ತೆರೆಯ ಮೇಲೆ ಅದು ಗಾಢ ಸ್ನೇಹವಾಗಿ ಬಂದಿದೆ. ಮಕ್ಕಳಿಗೆ ಇದು ಗೊತ್ತಿದೆ. ದೊಡ್ಡವರಿಗೂ ಗೊತ್ತಿದ್ದರೆ ಒಳ್ಳೆಯದು.

ಹೆಸರುಗಳು ತಲೆ ತಿರುಗಿಸುತ್ತವೆ. ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಮನೆಹೆಸರು ಹಿಡಿದು ಕರೆಯುವ ನಮಗೆ ಇದು ಕಷ್ಟವಲ್ಲ. ಆದರೆ ಒಬ್ಬನಿಗೇ ಮೂರು ಹೆಸರು. ಕೆಲವರು ವೇಯ್ ಯಿಂಗ್ ಎನ್ನುತ್ತಾರೆ, ಇನ್ನು ಕೆಲವರು ವೇಯ್ ವೂಶಿಯೆನ್ ಎನ್ನುತ್ತಾರೆ, ವೈರಿಗಳಿಗೆ ಇನ್ನೊಂದು ಬಿರುದು. ಅರ್ಜುನ, ಪಾರ್ಥ, ಧನಂಜಯ, ಸವ್ಯಸಾಚಿ ಒಬ್ಬನೇ ಎಂದು ಗೊಂದಲವಿಲ್ಲದೆ ಗಮಕ ಕೇಳಿದವರು ನಾವು. ಎರಡು ದಿನದಲ್ಲಿ ರೂಢಿಯಾಗುತ್ತದೆ.

ಒಂದು ಮನೆತನದಲ್ಲಿ 3000 ನಿಯಮಗಳನ್ನು ಬಂಡೆಯ ಮೇಲೆ ಕೆತ್ತಿಸಿದ್ದಾರೆ. ತಪ್ಪು ಮಾಡಿದವನು ಅವನ್ನೆಲ್ಲ ಕೈಯಲ್ಲಿ ನಕಲು ಮಾಡಬೇಕು. ಕೇರಳ ಸರ್ವೀಸ್ ರೂಲ್ಸ್ ಇಟ್ಟುಕೊಂಡು ಜೀವ ಸವೆಸಿದ ನನಗೆ ಆ ಮನೆತನದ ಮೇಲೆ ವಿಶೇಷ ಮಮತೆ ಬಂತು.

ಮುಖ ಒಬ್ಬರದು, ದನಿ ಇನ್ನೊಬ್ಬರದು

ಹಾಡುಗಾರನಿಗಾಗಿ ಧಾರಾವಾಹಿ ನೋಡಲು ಹೋದವರಿಗೆ ಅಲ್ಲಿ ಒಂದು ಅಚ್ಚರಿ ಕಾದಿದೆ. ತೆರೆಯ ಮೇಲೆ ಆ ಇಬ್ಬರು ಆಡುವ ಮಾತಿನ ದನಿ ಅವರದಲ್ಲ! ಚೀನಾದ ಅನೇಕ ಧಾರಾವಾಹಿಗಳಲ್ಲಿ ನಟರ ಮಾತನ್ನು ಬೇರೆ ಕಂಠದಾನ ಕಲಾವಿದರು ಸ್ಟುಡಿಯೊದಲ್ಲಿ ತುಂಬುತ್ತಾರೆ. ಚಿತ್ರೀಕರಣದ ಜಾಗದಲ್ಲಿ ಗದ್ದಲ ಜಾಸ್ತಿ. ನಟರ ಉಚ್ಚಾರಣೆಯಲ್ಲಿ ಊರೂರಿನ ವಾಸನೆ. ಹೆಸರಾದ ತಾರೆಯರಿಗೆ ಸ್ಟುಡಿಯೊಗೆ ಬರಲು ಪುರುಸೊತ್ತೂ ಇರುವುದಿಲ್ಲ. ಆದರೆ ಧಾರಾವಾಹಿಯ ಮುಖ್ಯ ಗೀತೆಯನ್ನು ಇಬ್ಬರೂ ಸೇರಿ ತಮ್ಮ ಕಂಠದಲ್ಲೇ ಹಾಡಿದ್ದಾರೆ. ಕಂತು ಮುಗಿದ ಮೇಲೂ ಮಕ್ಕಳು ಎದ್ದುಹೋಗದೆ ಕೂತಿರುವುದು ಅದಕ್ಕೇ.

ನಮ್ಮಲ್ಲಿ ಇದು ತದ್ವಿರುದ್ಧವಾಗಿತ್ತು. ಮಾತು ರಾಜಕುಮಾರ್ ಅವರದು, ಹಾಡು ಪಿ. ಬಿ. ಶ್ರೀನಿವಾಸ್ ಅವರದು. ಕಾಕಿನಾಡದ ಶ್ರೀನಿವಾಸರ ಕಂಠವನ್ನು ನಾವು ರಾಜಕುಮಾರರದೆಂದೇ ಒಪ್ಪಿಕೊಂಡು ವರ್ಷಗಳನ್ನು ಕಳೆದೆವು. 1974ರ ‘ಸಂಪತ್ತಿಗೆ ಸವಾಲ್’ ನಂತರ ರಾಜಕುಮಾರ್ ತಮ್ಮ ಹಾಡನ್ನು ತಾವೇ ಹಾಡುವುದು ರೂಢಿಯಾಯಿತು. ದನಿ ಬೇರೆಯಾದರೂ ಅಭಿಮಾನ ಕರಗುವುದಿಲ್ಲ ಎಂಬುದಕ್ಕೆ ನಮ್ಮ ತಲೆಮಾರೇ ಸಾಕ್ಷಿ.

ತೆರೆಯ ಕೆಳಗಿನ ಅಕ್ಷರ

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇಲ್ಲಿಂದ ಶುರು.

ಚೀನೀ ಧಾರಾವಾಹಿಗಳಲ್ಲಿ ತೆರೆಯ ಕೆಳಗೆ ಚೀನೀ ಅಕ್ಷರಗಳ ಸಾಲು ಸದಾ ಇರುತ್ತದೆ. ಅದು ಹೊರದೇಶದವರಿಗಲ್ಲ, ಚೀನಾದವರಿಗೇ. ಅಲ್ಲಿ ಉತ್ತರದವರ ಮಾತು ದಕ್ಷಿಣದವರಿಗೆ ತಿಳಿಯದಷ್ಟು ಬೇರೆ. ಆದರೆ ಬರೆದದ್ದನ್ನು ಎಲ್ಲರೂ ಓದಬಲ್ಲರು. ಮಾತು ಹಲವು, ಬರಹ ಒಂದು. ಕಿವಿಗೆ ತಪ್ಪಿದ್ದನ್ನು ಕಣ್ಣು ಹಿಡಿಯುತ್ತದೆ.

ನಮ್ಮ ಮಕ್ಕಳದು ಇದಕ್ಕೆ ವಿರುದ್ಧವಾದ ಕಷ್ಟ. ಮನೆಯಲ್ಲಿ ಕನ್ನಡ ಕೇಳುತ್ತಾರೆ, ಆಡುತ್ತಾರೆ. ಅಜ್ಜಿಯ ಗಾದೆಯೂ ಗೊತ್ತು. ಆದರೆ ಕಾಸರಗೋಡಿನಲ್ಲಿರುವಂತೆ ವಯನಾಡಿನ ಈ ಮೂಲೆಯ ಮಕ್ಕಳಿಗೆ ಮನೆ ಹತ್ತಿರ ಕನ್ನಡ ಶಾಲೆಯಿಲ್ಲ. ಶಾಲೆಯಲ್ಲಿ ಮಲಯಾಳಂ ಮತ್ತು ಇಂಗ್ಲಿಷ್. ಮಾತು ಮನೆಯೊಳಗಿದೆ, ಅಕ್ಷರ ಹೊಳೆಯಾಚೆ ಬೈರಕುಪ್ಪೆಯಲ್ಲಿ ಉಳಿದಿದೆ. ಅಕ್ಷರವಿಲ್ಲದ ಮಾತು ಒಂದು ತಲೆಮಾರು ನಡೆಯುತ್ತದೆ, ಎರಡನೆಯದಕ್ಕೆ ಕುಂಟುತ್ತದೆ. ನಮ್ಮ ಸಂಘದ ಆಹ್ವಾನ ಪತ್ರಿಕೆಯನ್ನೇ ಮಕ್ಕಳಿಗೆ ಅಪ್ಪಂದಿರು ಓದಿ ಹೇಳಬೇಕಾದ ಸ್ಥಿತಿ ಎಷ್ಟು ಮನೆಗಳಲ್ಲಿದೆ ಎಂದು ನಿಮಗೇ ಗೊತ್ತು.

ಇದೇ ಮಕ್ಕಳು ಚೀನೀ ಧಾರಾವಾಹಿಯನ್ನು ಹೇಗೆ ನೋಡುತ್ತಾರೆ? ಅಡಿಬರಹ ಓದಿಕೊಂಡು. ಎರಡು ಸೆಕೆಂಡಿಗೊಮ್ಮೆ ಬದಲಾಗುವ ಇಂಗ್ಲಿಷ್ ಸಾಲನ್ನು ಹಿಡಿದು ಮೂವತ್ತೇಳೂವರೆ ಗಂಟೆ ಓದುತ್ತಾರೆ. ಯಾವ ಮೇಷ್ಟರೂ ಬೆತ್ತ ಹಿಡಿದು ಇಷ್ಟು ಓದಿಸಲಾರರು. ಮೆಚ್ಚಿದ ಮುಖವೊಂದು ಓದಿಸಿತು. ಕೇರಳದಲ್ಲಿ 2012ರಿಂದ ಎಂಸೋನ್ ಎಂಬ ಸ್ವಯಂಸೇವಕರ ತಂಡ ಜಗತ್ತಿನ ಚಿತ್ರಗಳಿಗೆ ಮಲಯಾಳಂ ಅಡಿಬರಹ ಬರೆಯುತ್ತ ಬಂದಿದೆ. ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ, ಸಾವಿರಾರು ಚಿತ್ರಗಳಿಗೆ ಬರೆದಿದ್ದಾರೆ. ನೆರೆಮನೆಯವರ ಈ ಕೆಲಸ ಕಂಡು ನಾವು ಹೊಟ್ಟೆಕಿಚ್ಚು ಪಡುವುದಕ್ಕಿಂತ ಕಲಿಯುವುದು ಲೇಸು.

ಕನ್ನಡದಲ್ಲಿ ನಾವು ಬಹುಕಾಲ ಚರ್ಚಿಸಿದ್ದು ಡಬ್ಬಿಂಗ್ ಬೇಕೋ ಬೇಡವೋ ಎಂದು. 1960ರ ದಶಕದಿಂದ ನಡೆದುಬಂದ ತಡೆಯ ಕುರಿತು 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆದೇಶ ಕೊಟ್ಟಿತು. 2020ರ ಲಾಕ್‌ಡೌನ್ ಕಾಲದಲ್ಲಿ ಹಿಂದಿಯ ಮಹಾಭಾರತ ಕನ್ನಡದಲ್ಲಿ ಮಾತನಾಡತೊಡಗಿತು. ಅದರ ಸರಿತಪ್ಪು ಬೆಂಗಳೂರಿನವರಿಗೆ ಬಿಡೋಣ. ಗಡಿಯ ಮಕ್ಕಳಿಗೆ ಕನ್ನಡದ ದನಿ ಮನೆಯಲ್ಲೇ ಸಿಗುತ್ತದೆ. ಸಿಗದಿರುವುದು ಅಕ್ಷರ. ನಮಗೆ ದನಿಗಿಂತ ಅಡಿಬರಹ ಹೆಚ್ಚು ಉಪಕಾರಿ.

ಕೇಳುವ ಭಾಷೆಯನ್ನೇ ಕೆಳಗೆ ಬರೆದು ತೋರಿಸಿದರೆ ಓದು ತಾನಾಗಿ ಸುಧಾರಿಸುತ್ತದೆ ಎಂಬ ವಿಚಾರವನ್ನು ನಮ್ಮ ದೇಶದಲ್ಲೇ ಅಹಮದಾಬಾದಿನ ಐಐಎಂನ ಬ್ರಿಜ್ ಕೊಠಾರಿಯವರು 1996ರಲ್ಲಿ ಮುಂದಿಟ್ಟರು. ಚಿತ್ರಗೀತೆಯ ಸಾಲುಗಳನ್ನು ಹಾಡಿನ ಜೊತೆಜೊತೆಗೇ ತೆರೆಯ ಮೇಲೆ ತೋರಿಸುವುದು ಅವರ ಉಪಾಯ. ಬಾಯಿಪಾಠವಿರುವ ಹಾಡಿನ ಅಕ್ಷರ ಕಣ್ಣಿಗೆ ಬಿದ್ದಾಗ ಗುರುತು ಸಿಗುತ್ತದೆ. ಅಕ್ಷರ ಮರೆತವರಿಗೂ ಅರೆಬರೆ ಕಲಿತವರಿಗೂ ಇದರಿಂದ ಅನುಕೂಲ.

ಹಾಲಿನ ಮಾತೂ ಇರಲಿ

ಅಭಿಮಾನಕ್ಕೆ ಇನ್ನೊಂದು ಮುಖವೂ ಇದೆ. 2021ರ ಮೇ ತಿಂಗಳಲ್ಲಿ ಚೀನಾದ ಒಂದು ಐಡಲ್ ಸ್ಪರ್ಧೆಯಲ್ಲಿ ಮತ ಹಾಕುವ ಕೋಡ್ ಹಾಲಿನ ಬಾಟಲಿಯ ಮುಚ್ಚಳದ ಒಳಗಿತ್ತು. ಮೆಚ್ಚಿನ ಹುಡುಗನಿಗೆ ಮತ ಬೀಳಲೆಂದು ಅಭಿಮಾನಿಗಳು ಪೆಟ್ಟಿಗೆಗಟ್ಟಲೆ ಕೊಂಡರು. ಮುಚ್ಚಳ ತೆಗೆದುಕೊಂಡು ಹಾಲನ್ನು ಚರಂಡಿಗೆ ಸುರಿಯುವ ವಿಡಿಯೊ ಹೊರಬಂದು ದೇಶವೇ ಸಿಟ್ಟಾಯಿತು. ಸ್ಪರ್ಧೆಯ ಕೊನೆಯ ಸುತ್ತು ರದ್ದಾಯಿತು. ಆ ವರ್ಷದ ಆಗಸ್ಟ್, ಸೆಪ್ಟೆಂಬರಿನಲ್ಲಿ ಅಲ್ಲಿನ ಸರ್ಕಾರ ತಾರೆಯರ ಶ್ರೇಯಾಂಕ ಪಟ್ಟಿಗಳನ್ನೂ ಐಡಲ್ ಆಯ್ಕೆಯ ಕಾರ್ಯಕ್ರಮಗಳನ್ನೂ ನಿಲ್ಲಿಸಿತು.

ಓದಿ ನಗುವ ಮೊದಲು ನಮ್ಮ ಚಿತ್ರಮಂದಿರಗಳ ಮುಂದಿನ ಕಟೌಟುಗಳನ್ನು, ಅವುಗಳ ತಲೆಯ ಮೇಲೆ ಸುರಿಯುವ ಹಾಲನ್ನು ನೆನೆಸಿಕೊಳ್ಳೋಣ. ಬೆಳಗಿನ ಚಳಿಯಲ್ಲಿ ಎದ್ದು ಕರೆದು ಸೊಸೈಟಿಗೆ ಹಾಲು ಹಾಕುವ ಮನೆಗಳು ನಮ್ಮಲ್ಲಿ ಬಹಳ. ಹಾಲಿನ ಬೆಲೆ ನಮ್ಮ ಮಕ್ಕಳಿಗೆ ಗೊತ್ತು. ಈ ಕಥೆಯನ್ನು ಅವರಿಗೆ ಹೇಳಿ. ಬೈದು ಹೇಳಬೇಕಿಲ್ಲ. ನೋಡುವುದಕ್ಕೆ ಒಂದು ಹೊತ್ತು ಗೊತ್ತುಮಾಡಿ, ದುಡ್ಡು ಕಟ್ಟುವ ಮತ, ಉಡುಗೊರೆ, ಫೋಟೊ ಕಾರ್ಡುಗಳ ವಿಷಯ ಮನೆಯಲ್ಲಿ ಕೇಳಿಯೇ ಮುಂದುವರಿಯಬೇಕು ಎಂದು ಒಪ್ಪಿಸಿ. ಫೋನು ಕಿತ್ತುಕೊಂಡರೆ ಧಾರಾವಾಹಿಯೂ ಹೋಗುತ್ತದೆ, ನಮ್ಮ ಜೊತೆ ಮಾತೂ ಹೋಗುತ್ತದೆ.

ನಾವು ಮಾಡಬಹುದಾದದ್ದು

ಅಡಿಬರಹದ ಕೆಲಸ ಕಷ್ಟದ್ದಲ್ಲ. ಅದು ಒಂದು ಸಾದಾ ಪಠ್ಯದ ಕಡತ. ಸಾಲಿನ ಕ್ರಮಸಂಖ್ಯೆ, ಸಾಲು ಯಾವ ಕ್ಷಣಕ್ಕೆ ಬರಬೇಕು, ಯಾವ ಕ್ಷಣಕ್ಕೆ ಹೋಗಬೇಕು, ಆಮೇಲೆ ಮಾತು. ಇಷ್ಟೇ. ಇನ್‌ವರ್ಡ್ ರಿಜಿಸ್ಟರ್ ಬರೆದವರಿಗೆ ಇದು ನೀರು ಕುಡಿದಷ್ಟು ಸುಲಭ. ಫೋನಿನಲ್ಲಿ ಕನ್ನಡ ಕೀಲಿಮಣೆ ಇದ್ದೇ ಇದೆ.

ಬೇರೆಯವರ ಧಾರಾವಾಹಿಗೆ ಅಡಿಬರಹ ಬರೆದು ಹಂಚುವುದರಲ್ಲಿ ಹಕ್ಕುಸ್ವಾಮ್ಯದ ತೊಡಕಿದೆ. ಆದ್ದರಿಂದ ನಮ್ಮದರಿಂದಲೇ ಶುರುಮಾಡೋಣ ಎಂಬುದು ಕಾರ್ಯಕಾರಿ ಸಮಿತಿಯ ಮುಂದೆ ನಾನಿಟ್ಟಿರುವ ಸಲಹೆ. ಪ್ರತಿ ಊರಿನಲ್ಲೂ ಒಬ್ಬ ಹಿರಿಯರು ಐದು ನಿಮಿಷ ಮಾತನಾಡಲಿ. ಕಾಡಿನ ದಾರಿ, ಹಳೆಯ ಸಂತೆ, ರಾಗಿ ಹೊಲದ ಕಾವಲು, ಮದುವೆಯ ಹಾಡು ಯಾವುದಾದರೂ ಆಗಲಿ. ಮಕ್ಕಳು ಅದನ್ನು ಫೋನಿನಲ್ಲಿ ಚಿತ್ರಿಸಲಿ. ಆಮೇಲೆ ಆ ಮಾತನ್ನೇ ಸಾಲುಸಾಲಾಗಿ ಕನ್ನಡ ಅಕ್ಷರದಲ್ಲಿ ಕೆಳಗೆ ಬರೆಯಲಿ. ಅಕ್ಷರ ಬಾರದವರ ಪಕ್ಕ ಬರುವವರು ಕೂರಲಿ. ಐದು ನಿಮಿಷದ ಮಾತು ಬರೆಯಲು ಒಂದು ಮಧ್ಯಾಹ್ನ ಬೇಕು. ಒಂದೇ ಸಾಲನ್ನು ಹತ್ತು ಸಲ ಕೇಳಬೇಕು. ಕಾಗುಣಿತ ಕೂರುವುದು ಹಾಗೆಯೇ. ಜೊತೆಗೆ ಹಿರಿಯರ ಮಾತೂ ಉಳಿಯುತ್ತದೆ. ಅದು ಇನ್ನೆಷ್ಟು ದಿನ ಕೇಳಲು ಸಿಗುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ.

ಮಕ್ಕಳಿಗೂ ಅವರ ಪಾಲು ಸಿಗಲಿ. ಬಂದವರು ತಾವು ನೋಡಿದ ಚೀನೀ ಧಾರಾವಾಹಿಯ ಒಂದು ಕಂತಿನ ಕಥೆಯನ್ನು ಕನ್ನಡದಲ್ಲಿ ಹೇಳಲಿ. ನಾವು ಕೂತು ಕೇಳೋಣ. ಅದನ್ನು ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ಅವರಿಂದಲೇ ಓದಿಸೋಣ. ತಮ್ಮ ಹಾಡುಗಾರನ ಹೆಸರನ್ನು ಕನ್ನಡದಲ್ಲಿ ಬರೆಯಲು ಕಲಿತ ಹುಡುಗಿ ನಾಳೆ ಅಜ್ಜಿಯ ಹೆಸರನ್ನೂ ಬರೆಯುತ್ತಾಳೆ.

ಮೊದಲ ಕೂಟ ಮುಂದಿನ ತಿಂಗಳ ಎರಡನೆಯ ಭಾನುವಾರ ಬೇಗೂರಿನಲ್ಲಿ, ಮಧ್ಯಾಹ್ನ 1 ಗಂಟೆಗೆ. ಬಾವಲಿ ದಾಟಿ ಹೆಗ್ಗಡದೇವನಕೋಟೆ ಕಡೆಗೆ ಹೋಗುವವರಿಗೆ ಸಂಜೆ 6ಕ್ಕೆ ಕಾಡಿನ ರಸ್ತೆ ಮುಚ್ಚುವುದರಿಂದ 4 ಗಂಟೆಗೆ ಮುಗಿಸುತ್ತೇವೆ. ಶುಲ್ಕವಿಲ್ಲ. ಚಾರ್ಜ್ ಮಾಡಿದ ಫೋನು, ಒಂದು ನೋಟುಪುಸ್ತಕ ಮತ್ತು ಮಾತನಾಡಲು ಮನಸ್ಸಿರುವ ಒಬ್ಬ ಹಿರಿಯರನ್ನು ಕರೆತನ್ನಿ. ಬರುವವರು ಎಷ್ಟು ಮಂದಿ ಎಂದು ನಿಮ್ಮ ಊರಿನ ಪ್ರತಿನಿಧಿಗೆ ಮೊದಲೇ ತಿಳಿಸಿದರೆ ಚಹಾ, ಉಪ್ಪಿಟ್ಟಿನ ಲೆಕ್ಕ ಹಾಕಲು ಅನುಕೂಲ.

ಇತಿ,
ಕಾರ್ಯದರ್ಶಿ
ಬೇಗೂರು, ವಯನಾಡು